ಮರಿಯ ಕರುಳಿನಲ್ಲಿ ಮೊದಲು ಜಾಗ ಹಿಡಿಯುವುದು ಯಾರು? ಕೋಳಿ ಸಾಕಣೆಯಲ್ಲಿ ಪ್ರೊಬಯಾಟಿಕ್, ಪ್ರಿಬಯಾಟಿಕ್

ನಾಟಿ ಕೋಳಿಯ ಮರಿ ಮೊಟ್ಟೆಯೊಡೆದು ಬಂದ ದಿನದಿಂದಲೇ ತಾಯಿಯ ಹಿಂದೆ ಓಡಾಡುತ್ತದೆ, ತಾಯಿ ಕೆದಕಿದ ನೆಲವನ್ನೇ ಕುಕ್ಕುತ್ತದೆ. ತಾಯಿಯ ಹಿಕ್ಕೆಯಲ್ಲಿರುವ ನೂರಾರು ಬಗೆಯ ಬ್ಯಾಕ್ಟೀರಿಯಾ ಹೀಗೆ ಮೊದಲ ಒಂದೆರಡು ದಿನದಲ್ಲೇ ಮರಿಯ ಕರುಳು ಸೇರುತ್ತವೆ. ಹ್ಯಾಚರಿ ಮರಿಗೆ ಈ ಭಾಗ್ಯವಿಲ್ಲ. ಮೊಟ್ಟೆಗೆ ಫಾರ್ಮಲಿನ್ ಹೊಗೆ ಕೊಡುತ್ತಾರೆ, 21 ದಿನ ಯಂತ್ರದಲ್ಲಿಟ್ಟು ಮರಿ ಮಾಡುತ್ತಾರೆ, ಹುಟ್ಟಿದ ಮರಿಯನ್ನು ಪೆಟ್ಟಿಗೆಗೆ ತುಂಬಿ ವ್ಯಾನಿನಲ್ಲಿ ಫಾರ್ಮಿಗೆ ಕಳಿಸುತ್ತಾರೆ. ತಾಯಿಯ ಮುಖವನ್ನೇ ಕಾಣದ ಆ ಮರಿಯ ಕರುಳು ಬಹುಪಾಲು ಖಾಲಿ. ಆ ಖಾಲಿ ಜಾಗಕ್ಕೆ ಮೊದಲು ಬಂದವರು ಯಾರು ಎಂಬುದರ ಮೇಲೆ ಮುಂದಿನ 40 ದಿನಗಳ ಲೆಕ್ಕ ಬಹಳಷ್ಟು ನಿಂತಿರುತ್ತದೆ.

ಪ್ರೊಬಯಾಟಿಕ್ ಎಂದರೆ ಆ ಜಾಗಕ್ಕೆ ನಾವೇ ಬೇಕೆಂದು ಕಳಿಸುವ ಜೀವಂತ ಸೂಕ್ಷ್ಮಜೀವಿಗಳು. ಪ್ರಿಬಯಾಟಿಕ್ ಜೀವಿಯಲ್ಲ. ಅದು ಕೋಳಿಗೆ ಜೀರ್ಣವಾಗದೆ ಕರುಳಿನ ಕೊನೆಯವರೆಗೂ ಹೋಗಿ, ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಮೇವಾಗುವ ಸಕ್ಕರೆ ಸರಪಳಿ ಅಥವಾ ನಾರು. ಎರಡನ್ನೂ ಸೇರಿಸಿ ಕೊಟ್ಟರೆ ಸಿನ್‌ಬಯಾಟಿಕ್ ಎನ್ನುತ್ತಾರೆ. ಅಂಗಡಿಯಲ್ಲಿ ಮೂರನ್ನೂ ಒಂದೇ ಸಾಲಿನಲ್ಲಿಟ್ಟು ‘ಗಟ್ ಪೌಡರ್’ ಎಂದು ಮಾರುವುದೇ ಗೊಂದಲಕ್ಕೆ ಅರ್ಧ ಕಾರಣ.

ಮರಿಯ ಕರುಳಿಗೆ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಮೊದಲೇ ತುಂಬುವ ಈ ವಿದ್ಯೆ ಶುರುವಾದದ್ದು ಫಿನ್ಲೆಂಡಿನಲ್ಲಿ. 1971ರಲ್ಲಿ ಅಲ್ಲಿನ ಬ್ರಾಯ್ಲರ್ ಕೋಳಿಗಳಲ್ಲಿ, ಮಾಂಸ ತಿಂದ ಜನರಿಗೆ ಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಇನ್‌ಫ್ಯಾಂಟಿಸ್ ಎಂಬ ತಳಿ ವ್ಯಾಪಕವಾಗಿ ಹಬ್ಬಿತು. ಎಸ್ಕೊ ನೂರ್ಮಿ ಮತ್ತು ರಂತಾಲಾ ಎಂಬ ಸಂಶೋಧಕರು ಆರೋಗ್ಯವಂತ ದೊಡ್ಡ ಕೋಳಿಯ ಕರುಳಿನ ಅಂಶವನ್ನು ಒಂದೆರಡು ದಿನದ ಮರಿಗಳಿಗೆ ಕುಡಿಸಿ, ಆಮೇಲೆ ಸಾಲ್ಮೊನೆಲ್ಲಾ ಕೊಟ್ಟು ನೋಡಿದರು. ಕುಡಿಸಿದ ಮರಿಗಳಲ್ಲಿ ಸೋಂಕು ನಿಲ್ಲುವುದು ಬಹಳ ಕಡಿಮೆಯಾಯಿತು. 1973ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ದೊಡ್ಡ ಕೋಳಿಗೆ ಸಾಲ್ಮೊನೆಲ್ಲಾ ಹತ್ತಬೇಕಾದರೆ ಲಕ್ಷಗಟ್ಟಲೆ ಕಣ ಬೇಕು. ಒಂದು ದಿನದ ಮರಿಗೆ ಬೆರಳೆಣಿಕೆಯಷ್ಟು ಸಾಕು. ವ್ಯತ್ಯಾಸ ಇರುವುದು ಹೆಚ್ಚಾಗಿ ಕರುಳಿನ ನಿವಾಸಿಗಳಲ್ಲಿ ಎಂದು ಆ ಪ್ರಯೋಗ ತೋರಿಸಿತು. ಬಸ್ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಇದೂ ಅದೇ ಉಪಾಯ. ತಡವಾಗಿ ಹತ್ತಿದವನು ಎಷ್ಟೇ ಬಲಶಾಲಿಯಾದರೂ ನಿಂತೇ ಹೋಗಬೇಕು.

ಇದನ್ನು ಓದಿ, ಹಳೆಯ ಬ್ಯಾಚಿನ ಕೋಳಿಗಳ ಕೆಳಗೆ ಹಾಸಿದ್ದ ಹೊಟ್ಟನ್ನು ಮರಿಗಳ ಮುಂದೆ ಒಂದು ಹಿಡಿ ಉದುರಿಸಿದರೆ ಆಯಿತಲ್ಲ ಎಂದು ಯಾರಿಗಾದರೂ ಅನಿಸಬಹುದು. ಬೇಡ. ಆ ಹೊಟ್ಟಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳ ಜೊತೆ ರಕ್ತಭೇದಿ ತರುವ ಕಾಕ್ಸಿಡಿಯಾ, ಗುಂಬೋರೊ ವೈರಸ್, ಮ್ಯಾರೆಕ್ಸ್ ವೈರಸ್ ಎಲ್ಲವೂ ಇರಬಹುದು. ಕರುಳಿನ ಪೂರ್ಣ ಮಿಶ್ರಣವನ್ನು ರೋಗಾಣು ಪರೀಕ್ಷೆ ಮಾಡಿಯೇ ಉತ್ಪನ್ನವಾಗಿ ಮಾರಬೇಕು.

ಒಳಗೆ ನಡೆಯುವುದೇನು

ಕೋಳಿ ತಿಂದ ಕಾಳು ಮೊದಲು ಕುತ್ತಿಗೆಯ ಬುಡದ ಮೇವಿನ ಚೀಲದಲ್ಲಿ ನಿಲ್ಲುತ್ತದೆ. ಅಲ್ಲಿ ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಕಾಳಿನ ಪಿಷ್ಟವನ್ನು ಹುದುಗಿಸಿ ಪಿಹೆಚ್ ಅನ್ನು 5ರ ಆಸುಪಾಸಿಗೆ ಇಳಿಸುತ್ತವೆ. ಇದು ಮೊದಲ ತಡೆಗೋಡೆ. ಅಲ್ಲಿಂದ ಆಮ್ಲ ಸುರಿಯುವ ಹೊಟ್ಟೆ, ಅರೆಯುವ ಹೊಟ್ಟೆ. ಅಲ್ಲಿ ಪಿಹೆಚ್ ಸುಮಾರು 3. ಮುಂದೆ ಸಣ್ಣ ಕರುಳು. ಅದರ ತುದಿಯಲ್ಲಿ ಎರಡು ಕುರುಡು ಚೀಲಗಳು, ಸೀಕಮ್‌ಗಳು. ಉಳಿದ ಕರುಳಿನಲ್ಲಿ ಆಹಾರ ಕೆಲವೇ ಗಂಟೆಗಳಲ್ಲಿ ಸಾಗಿಬಿಡುತ್ತದೆ, ಸೀಕಮ್‌ನಲ್ಲಿ ನಿಂತು ಕೊಳೆಯುತ್ತದೆ. ಒಂದು ಗ್ರಾಂ ಸೀಕಮ್ ಅಂಶದಲ್ಲಿ ಸಾವಿರಾರು ಕೋಟಿ ಬ್ಯಾಕ್ಟೀರಿಯಾ ಇರುತ್ತವೆ. ಸಾಲ್ಮೊನೆಲ್ಲಾ, ಜನರಿಗೆ ಭೇದಿ ತರುವ ಇನ್ನೊಂದು ಬ್ಯಾಕ್ಟೀರಿಯಾ ಕ್ಯಾಂಪಿಲೊಬ್ಯಾಕ್ಟರ್ ಎರಡೂ ಮನೆ ಮಾಡುವುದು ಇಲ್ಲೇ.

ಸೀಕಮ್‌ನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳು ನಾರನ್ನು ಒಡೆದು ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳನ್ನು ಬಿಡುತ್ತವೆ. ಸುತ್ತಲಿನ ಪಿಹೆಚ್ 6ಕ್ಕಿಂತ ಇಳಿದಷ್ಟೂ ಈ ಆಮ್ಲಗಳು ಒಡೆಯದ ರೂಪದಲ್ಲಿ ಉಳಿದು ಸಾಲ್ಮೊನೆಲ್ಲಾದ ಪೊರೆಯನ್ನು ದಾಟುತ್ತವೆ. ಒಳಗೆ ಹೋದ ಮೇಲೆ ಒಡೆದು, ಕೋಶದ ಒಳಗನ್ನೇ ಹುಳಿ ಮಾಡುತ್ತವೆ. ಬ್ಯುಟಿರಿಕ್ ಆಮ್ಲ ಕರುಳಿನ ಗೋಡೆಯ ಕೋಶಗಳಿಗೆ ಆಹಾರವೂ ಹೌದು. ಇದರ ಜೊತೆಗೆ ಅಂಟಿಕೊಳ್ಳುವ ಜಾಗಕ್ಕೆ ಪೈಪೋಟಿ, ಆಹಾರಕ್ಕೆ ಪೈಪೋಟಿ, ಕೆಲವು ತಳಿಗಳು ಬಿಡುವ ಬ್ಯಾಕ್ಟೀರಿಯೊಸಿನ್ ಎಂಬ ಪ್ರತಿಜೈವಿಕದಂಥ ಪ್ರೋಟೀನು, ಮರಿಯ ರೋಗನಿರೋಧಕ ವ್ಯವಸ್ಥೆ ಬೇಗ ಬಲಿಯುವುದು ಇವೂ ಸೇರುತ್ತವೆ. ಒಂದೇ ತಳಿ ಇಷ್ಟನ್ನೂ ಮಾಡುವುದಿಲ್ಲ. ಪ್ಯಾಕೆಟ್ಟಿನ ಹಿಂದೆ ಎಲ್ಲವನ್ನೂ ಬರೆದಿದ್ದರೆ ಅನುಮಾನ ಪಡಿ.

ಶತ್ರು ಯಾವುದು ಎಂದು ಮೊದಲು ನೋಡಬೇಕು

‘ಕೆಟ್ಟ ಬ್ಯಾಕ್ಟೀರಿಯಾ’ ಎಂದು ಒಟ್ಟಾಗಿ ಹೇಳುವುದರಿಂದಲೇ ಹಣ ಪೋಲಾಗುತ್ತದೆ. ಒಂದೊಂದರ ಸ್ವಭಾವ ಬೇರೆ, ಮದ್ದಿಗೆ ಬಗ್ಗುವ ರೀತಿ ಬೇರೆ.

ಜನರಿಗೆ ಆಹಾರ ವಿಷವಾಗಿಸುವ ಸಾಲ್ಮೊನೆಲ್ಲಾ ಟೈಫಿಮ್ಯೂರಿಯಂ ಮತ್ತು ಎಂಟರಿಟಿಡಿಸ್ ಇವೆರಡರ ಮೇಲೆ ಈ ವಿಧಾನ ಚೆನ್ನಾಗಿ ನಡೆಯುತ್ತದೆ. ಬೆಳೆದ ಕೋಳಿಯಲ್ಲಿ ಅವು ರೋಗ ತೋರಿಸುವುದೇ ಅಪರೂಪ, ಕರುಳಿನಲ್ಲಿ ಸುಮ್ಮನೆ ಕುಳಿತಿರುತ್ತವೆ. ಇ. ಕೋಲಿಯ ಮೇಲೂ ತಕ್ಕಮಟ್ಟಿನ ಪರಿಣಾಮವಿದೆ. ಆದರೆ ಮರಿಗಳಲ್ಲಿ ಬಿಳಿ ಭೇದಿ ತರುವ ಪುಲ್ಲೋರಂ, ದೊಡ್ಡ ಕೋಳಿಗಳನ್ನು ಕೊಲ್ಲುವ ಗ್ಯಾಲಿನೇರಂ ಎಂಬ ಸಾಲ್ಮೊನೆಲ್ಲಾಗಳ ಕಥೆ ಬೇರೆ. ಅವು ತಾಯಿ ಕೋಳಿಯಿಂದ ಮೊಟ್ಟೆಯ ಒಳಗೇ ಬರುತ್ತವೆ, ಕರುಳು ದಾಟಿ ಯಕೃತ್ತಿಗೆ, ರಕ್ತಕ್ಕೆ ಸೇರುತ್ತವೆ. ಮರಿ ಹುಟ್ಟುವಾಗಲೇ ಒಳಗಿರುವುದನ್ನು ಯಾವ ಪುಡಿಯೂ ಜಾಗ ಬಿಡಿಸದು. ಅದಕ್ಕೆ ಮದ್ದು ಪೇರೆಂಟ್ ಕೋಳಿಗಳ ರಕ್ತ ಪರೀಕ್ಷೆ, ಸೋಂಕಿತವನ್ನು ತೆಗೆಯುವುದು.

ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಸಾಮಾನ್ಯವಾಗಿ 2ರಿಂದ 5 ವಾರದ ಬ್ರಾಯ್ಲರ್‌ಗಳಲ್ಲಿ ಕರುಳು ಕೊಳೆಯುವ ರೋಗ ತರುತ್ತದೆ. ಅದು ಬಹುತೇಕ ಕೋಳಿಗಳ ಕರುಳಿನಲ್ಲಿ ಅಷ್ಟಿಷ್ಟು ಇರುವಂಥದ್ದೇ. ಕಾಕ್ಸಿಡಿಯಾ ಕರುಳಿನ ಗೋಡೆ ಕೆರೆದು ಪ್ರೋಟೀನು ಸೋರಿದಾಗ, ಫೀಡಿಗೆ ಮೀನು ಪುಡಿ ಹೆಚ್ಚು ಬಿದ್ದಾಗ, ಮೆಕ್ಕೆಜೋಳದ ಬೆಲೆ ಏರಿತೆಂದು ಗೋಧಿ ಬೆರೆಸಿ ಕರುಳಿನ ಅಂಶ ಅಂಟಂಟಾದಾಗ ಅದು ಏಕಾಏಕಿ ಹೆಚ್ಚುತ್ತದೆ. ಇಲ್ಲಿ ಬ್ಯಾಸಿಲಸ್ ಸಬ್ಟಿಲಿಸ್, ಬ್ಯಾಸಿಲಸ್ ಲೈಕೆನಿಫಾರ್ಮಿಸ್ ತಳಿಗಳು ಕೆಲಸಕ್ಕೆ ಬರುತ್ತವೆ; ಅವುಗಳಲ್ಲಿ ಕೆಲವು ಕ್ಲಾಸ್ಟ್ರಿಡಿಯಂ ಅನ್ನು ನೇರವಾಗಿ ತಡೆಯುವ ವಸ್ತು ಬಿಡುತ್ತವೆ. ಗೋಧಿ ಬೆರೆಸಿದ ಫೀಡಿಗೆ ಅದರ ಅಂಟು ನಾರನ್ನು ಒಡೆಯುವ ಕ್ಸೈಲನೇಸ್ ಎಂಜೈಮ್ ಸೇರಿಸದೆ ಬರೀ ಪ್ರೊಬಯಾಟಿಕ್ ಹಾಕುವುದು ಮಾತ್ರ ಸೋರುವ ತೊಟ್ಟಿಯನ್ನು ತುಂಬಿಸುವ ಕೆಲಸ.

ಎಲ್ಲಕ್ಕಿಂತ ಮೊಂಡು ಕ್ಯಾಂಪಿಲೊಬ್ಯಾಕ್ಟರ್. ಕೋಳಿಗೆ ಏನೂ ಆಗುವುದಿಲ್ಲ, ತಿಂದ ಮನುಷ್ಯನಿಗೆ ಭೇದಿ. ಕೋಳಿಯ ಮೈಬಿಸಿ 41–42 ಡಿಗ್ರಿ ಸೆಲ್ಸಿಯಸ್ ಇದಕ್ಕೆ ಹೇಳಿ ಮಾಡಿಸಿದ ಉಷ್ಣಾಂಶ. ತಾಯಿಯಿಂದ ಬಂದ ಪ್ರತಿಕಾಯಗಳು ಇರುವಷ್ಟು ದಿನ ಇದು ಹೆಚ್ಚು ಕಾಣಿಸದು, ಎರಡು-ಮೂರು ವಾರ ಕಳೆದ ಮೇಲೆ ಶೆಡ್ಡಿಗೆ ಬಂದರೆ ಕೆಲವೇ ದಿನಗಳಲ್ಲಿ ಬಹುತೇಕ ಎಲ್ಲ ಕೋಳಿಗೂ ಹರಡುತ್ತದೆ. ಇದರ ಮೇಲೆ ಪ್ರೊಬಯಾಟಿಕ್‌ಗಳ ಫಲಿತಾಂಶ ಒಮ್ಮೆ ಇದ್ದಂತೆ ಇನ್ನೊಮ್ಮೆ ಇರುವುದಿಲ್ಲ. ಕಾರಣ ಅದರ ಊಟದಲ್ಲಿದೆ: ಸಕ್ಕರೆಗಾಗಿ ಅದು ಬೇರೆ ಬ್ಯಾಕ್ಟೀರಿಯಾಗಳ ಜೊತೆ ಜಗಳಕ್ಕೇ ಇಳಿಯುವುದಿಲ್ಲ. ಅಮೈನೊ ಆಮ್ಲಗಳನ್ನು ತಿನ್ನುತ್ತದೆ, ಲ್ಯಾಕ್ಟೊಬ್ಯಾಸಿಲಸ್ ಬಿಡುವ ಲ್ಯಾಕ್ಟಿಕ್ ಆಮ್ಲವನ್ನೂ ತಿನ್ನಬಲ್ಲದು. ಅದನ್ನು ತಡೆಯುವುದು ಬಾಗಿಲಲ್ಲೇ: ಶೆಡ್ಡಿಗೆ ಬೇರೆ ಚಪ್ಪಲಿ, ಕಾಲು ಅದ್ದುವ ತೊಟ್ಟಿ, ನೊಣ ನಿಯಂತ್ರಣ, ಮತ್ತು ಅರ್ಧ ಕೋಳಿ ಎತ್ತಿ ಉಳಿದರ್ಧವನ್ನು ವಾರ ಬಿಟ್ಟು ಎತ್ತುವ ಪದ್ಧತಿ ಬಿಡುವುದು. ಹಿಡಿಯಲು ಬಂದವರ ಕಾಲು, ಕ್ರೇಟುಗಳ ಮೂಲಕ ಅದು ಒಳಬರುವುದು ಹೆಚ್ಚು.

ಯಾವುದನ್ನು ಕೊಳ್ಳಬೇಕು

ಎರಡು ದೊಡ್ಡ ಗುಂಪು ಮಾಡಿಕೊಂಡರೆ ಸಾಕು. ಲ್ಯಾಕ್ಟೊಬ್ಯಾಸಿಲಸ್, ಪಿಡಿಯೊಕಾಕಸ್, ಎಂಟರೊಕಾಕಸ್, ಬಿಫಿಡೊಬ್ಯಾಕ್ಟೀರಿಯಂ ಇವು ಕರುಳಿನ ಸಹಜ ನಿವಾಸಿಗಳ ಬಳಗ, ಆಮ್ಲ ತಯಾರಿಸುವುದರಲ್ಲಿ ನಿಪುಣರು, ಆದರೆ ನಾಜೂಕು. ಬಿಸಿಗೆ, ತೇವಕ್ಕೆ, ಕ್ಲೋರಿನ್‌ಗೆ ಸಾಯುತ್ತವೆ. ಬ್ಯಾಸಿಲಸ್ ಗುಂಪು ಬೀಜಕ, ಅಂದರೆ ಗಟ್ಟಿ ಕವಚದೊಳಗೆ ಮಲಗಿರುವ ರೂಪದಲ್ಲಿ ಬರುತ್ತದೆ. ಫೀಡನ್ನು ಒತ್ತಿ ಗುಳಿಗೆಯಂಥ ಪೆಲೆಟ್ ಮಾಡುವಾಗಿನ 75–85 ಡಿಗ್ರಿ ಹಬೆಯನ್ನೂ ಹೊಟ್ಟೆಯ ಆಮ್ಲವನ್ನೂ ತಡೆದುಕೊಂಡು ಕರುಳಿನಲ್ಲಿ ಏಳುತ್ತದೆ. ಆದರೆ ಅಲ್ಲಿ ಬಹುಕಾಲ ನೆಲೆಸುವುದಿಲ್ಲ, ಹಾಗಾಗಿ ಫೀಡಿನಲ್ಲಿ ದಿನವೂ ಇರಬೇಕು.

ಇದರಿಂದ ಒಂದು ಸರಳ ನಿಯಮ ಹುಟ್ಟುತ್ತದೆ. ಪೆಲೆಟ್ ಅಥವಾ ಪೆಲೆಟ್ ಪುಡಿದ ಕ್ರಂಬಲ್ ಫೀಡಿಗೆ ಬ್ಯಾಸಿಲಸ್. ಮೊದಲ ದಿನಗಳ ನೀರಿಗೆ ಲ್ಯಾಕ್ಟೊಬ್ಯಾಸಿಲಸ್ ಬಳಗ. ಒತ್ತದ ಪುಡಿ ರೂಪದ ಮ್ಯಾಷ್ ಫೀಡು ತಿನ್ನುವ, ಮೊಟ್ಟೆಗಾಗಿ ಸಾಕುವ ಲೇಯರ್‌ಗಳಿಗೆ ಎರಡೂ ಆದೀತು.

ಲೇಬಲ್ಲಿನಲ್ಲಿ ನೋಡಬೇಕಾದದ್ದು ಜೀವಂತ ಕಣಗಳ ಸಂಖ್ಯೆ, ಅಂದರೆ ಸಿಎಫ್‌ಯು. ಗ್ರಾಂಗೆ 200 ಕೋಟಿ ಸಿಎಫ್‌ಯು ಇರುವ ಬ್ಯಾಸಿಲಸ್ ಪುಡಿಯನ್ನು ಟನ್ ಫೀಡಿಗೆ 500 ಗ್ರಾಂ ಹಾಕಿದಿರಿ ಎನ್ನಿ. ಒಟ್ಟು 1 ಲಕ್ಷ ಕೋಟಿ. ಸಾವಿರ ಕಿಲೋಗೆ ಹಂಚಿದರೆ ಕಿಲೋ ಫೀಡಿಗೆ 100 ಕೋಟಿ, ಗ್ರಾಂಗೆ 10 ಲಕ್ಷ. ಸಾಮಾನ್ಯವಾಗಿ ಬೇಕಾದ ಮಟ್ಟ ಇದು. ಬೇರೊಂದು ಪುಡಿಯ ಲೇಬಲ್ಲಿನಲ್ಲಿ ಗ್ರಾಂಗೆ 20 ಲಕ್ಷ ಎಂದಿದ್ದರೆ, ಅದೇ 500 ಗ್ರಾಂ ಹಾಕಿದಾಗ ಗ್ರಾಂ ಫೀಡಿಗೆ ಸಿಗುವುದು ಬರೀ 1,000 ಕಣ. ಬೆಲೆ ಕಡಿಮೆ ಇದ್ದರೂ ಅದು ದುಬಾರಿ ಸುಣ್ಣದ ಪುಡಿ. ಸಂಖ್ಯೆ ‘ತಯಾರಾದ ದಿನ’ದ್ದೋ ‘ಅವಧಿ ಮುಗಿಯುವ ದಿನ’ದ್ದೋ ಎಂಬುದೂ ಮುಖ್ಯ. ಲ್ಯಾಕ್ಟೊಬ್ಯಾಸಿಲಸ್ ಪ್ಯಾಕೆಟ್ಟು ಫ್ರಿಜ್ಜಿನಲ್ಲಿ 2–8 ಡಿಗ್ರಿಯಲ್ಲಿರಬೇಕು. ಏಪ್ರಿಲ್‌ನಲ್ಲಿ ರಾಯಚೂರು, ಬಳ್ಳಾರಿಯ ಅಂಗಡಿಯ ಅಟ್ಟದ ಮೇಲೆ ಒಂದು ತಿಂಗಳು ಕಳೆದ ಪ್ಯಾಕೆಟ್ಟಿನಲ್ಲಿ ಬಹುಪಾಲು ಶವಗಳೇ.

ಫೀಡಿಗೆ ಬೆರೆಸುವಾಗ 500 ಗ್ರಾಂ ಪುಡಿಯನ್ನು ನೇರವಾಗಿ ಟನ್ನಿಗೆ ಸುರಿಯಬಾರದು. ಮೊದಲು 5 ಕಿಲೋ ಮೆಕ್ಕೆಜೋಳದ ನುಚ್ಚಿನಲ್ಲಿ ಕೈಯಿಂದ ಬೆರೆಸಿ, ಅದನ್ನು 50 ಕಿಲೋಗೆ, ಆಮೇಲೆ ಮಿಕ್ಸರ್‌ಗೆ. ಇಲ್ಲವಾದರೆ ಒಂದು ಚೀಲದಲ್ಲಿ ಎಲ್ಲ, ಇನ್ನೊಂದರಲ್ಲಿ ಏನೂ ಇಲ್ಲ.

ನೀರಿನಲ್ಲಿ ಕೊಡುವುದು: ಹೆಚ್ಚು ಕೆಡುವುದು ಇಲ್ಲೇ

ಕಂಪನಿಯೊಂದಿಗೆ ಒಪ್ಪಂದದಲ್ಲಿ ಬ್ರಾಯ್ಲರ್ ಸಾಕುವವರ ಕೈಯಲ್ಲಿ ಫೀಡು ಇರುವುದಿಲ್ಲ. ಮರಿ, ಫೀಡು, ಔಷಧ ಎಲ್ಲ ಕಂಪನಿಯದು. ಶೆಡ್ಡು, ಹೊಟ್ಟು, ನೀರು, ದುಡಿಮೆ ರೈತರದು. ಅವರು ಸರಿಮಾಡಿಕೊಳ್ಳಬಹುದಾದದ್ದು ನೀರು. ಮೇಲ್ವಿಚಾರಕರಿಗೆ ತಿಳಿಸಿಯೇ ಮಾಡಬೇಕು ಎನ್ನುವುದು ಬೇರೆ ಮಾತು.

ಮೊದಲ ದಿನ ಸಾವಿರ ಮರಿ ಸುಮಾರು 20–25 ಲೀಟರ್ ನೀರು ಕುಡಿಯುತ್ತವೆ. ಪ್ರೊಬಯಾಟಿಕ್ ಬೆರೆಸಿದ ನೀರು ನಾಲ್ಕು ಗಂಟೆಯೊಳಗೆ ಮುಗಿಯಬೇಕು, ಹಾಗಾಗಿ ಒಂದು ಸಲಕ್ಕೆ ಸಾವಿರ ಮರಿಗೆ 5 ಲೀಟರ್ ಸಾಕು. ಈಗ ಕೋಳಿ ಕುಕ್ಕಿದರೆ ನೀರು ಹನಿಸುವ ನಿಪ್ಪಲ್‌ಗಳ ಪೈಪಿನ ಲೆಕ್ಕ ನೋಡಿ: 20 ಮಿ.ಮೀ. ಒಳವ್ಯಾಸದ ಪೈಪು ಮೀಟರಿಗೆ 0.3 ಲೀಟರ್ ನೀರು ಹಿಡಿಯುತ್ತದೆ. ಐದು ಸಾವಿರ ಮರಿಗೆಂದು ಬೆರೆಸಿದ 25 ಲೀಟರ್ 80 ಮೀಟರ್ ಪೈಪಿನಲ್ಲೇ ಅಡಗಿ ಕೂರುತ್ತದೆ. ತುದಿಯಲ್ಲಿರುವ ಮರಿಗಳಿಗೆ ಸಿಗುವುದು ಹಳೆಯ ಕ್ಲೋರಿನ್ ನೀರು. ಆದ್ದರಿಂದ ಮೊದಲ ಮೂರು ದಿನ, ಮರಿಗಳಿಗೆ ಬಿಸಿ ಕೊಡುವ ಬ್ರೂಡರ್ ಕೆಳಗೆ ಕೈಯಿಂದ ತುಂಬುವ ಚಿಕ್ಕ ಡ್ರಿಂಕರ್‌ಗಳಲ್ಲೇ ಕೊಡುವುದು ಮೇಲು. ನಿಪ್ಪಲ್‌ನಲ್ಲೇ ಕೊಡಬೇಕೆಂದರೆ ಸಾಲಿನ ತುದಿಯ ನಲ್ಲಿ ತೆರೆದು ಹಳೆಯ ನೀರನ್ನು ಪೂರ್ತಿ ಹೊರಬಿಟ್ಟು, ಬೆರೆಸಿದ ನೀರು ತುದಿಗೆ ತಲುಪಿತೆಂದು ಕಣ್ಣಾರೆ ಕಂಡ ಮೇಲೆ ಮುಚ್ಚಬೇಕು.

ಕ್ಲೋರಿನ್ ವಿಷಯದಲ್ಲಿ ಲಸಿಕೆಗೆ ಅನುಸರಿಸುವ ಶಿಸ್ತೇ ಇಲ್ಲಿಗೂ. ಕ್ಲೋರಿನ್, ಅಯೋಡಿನ್, ಹೈಡ್ರೋಜನ್ ಪೆರಾಕ್ಸೈಡ್ ಯಾವುದನ್ನು ಬಳಸುತ್ತಿದ್ದರೂ 24ರಿಂದ 48 ಗಂಟೆ ಮೊದಲು ನಿಲ್ಲಿಸಿ. ಸಂದೇಹವಿದ್ದರೆ ಲೀಟರಿಗೆ 2.5 ಗ್ರಾಂ ಕೆನೆರಹಿತ ಹಾಲಿನ ಪುಡಿ ಬೆರೆಸಿ, ಅರ್ಧ ಗಂಟೆ ಬಿಟ್ಟು ಪ್ರೊಬಯಾಟಿಕ್ ಹಾಕಿ. ಹಾಲಿನ ಪುಡಿ ಹಾಕಿದ ನೀರು ಪೈಪಿನಲ್ಲಿ ಉಳಿದರೆ ಒಳಗೆ ಲೋಳೆ ಕಟ್ಟುತ್ತದೆ, ಆ ಲೋಳೆಯೇ ಇ. ಕೋಲಿಗೆ ಮನೆ. ಕೊಟ್ಟು ಮುಗಿದ ಕೂಡಲೇ ಸಾಲನ್ನು ಜೋರಾಗಿ ನೀರು ಹರಿಸಿ ತೊಳೆದು, ಕ್ಲೋರಿನ್ ಮತ್ತೆ ಶುರು ಮಾಡಬೇಕು. ಒಳ್ಳೆಯ ಬ್ಯಾಕ್ಟೀರಿಯಾ ಹಾಕುತ್ತೇವೆಂದು ತಿಂಗಳಿಡೀ ಕ್ಲೋರಿನ್ ಬಿಟ್ಟವರ ಶೆಡ್ಡಿನಲ್ಲಿ ಬೋರ್‌ವೆಲ್ ನೀರಿನಿಂದಲೇ ಇ. ಕೋಲಿ ಹಬ್ಬುತ್ತದೆ.

ಇದಕ್ಕಿಂತಲೂ ಬೇಗ ಕೊಡುವ ದಾರಿ ಹ್ಯಾಚರಿಯಲ್ಲಿದೆ. ಮರಿಗಳ ಪೆಟ್ಟಿಗೆಯ ಮೇಲೆ ದಪ್ಪ ಹನಿಯ ಸ್ಪ್ರೇ ಮಾಡಿದರೆ ಮರಿಗಳು ಒಂದರ ಮೈ ಒಂದು ಕುಕ್ಕಿ ನುಂಗುತ್ತವೆ. ಹನಿ ಮಂಜಿನಷ್ಟು ಸಣ್ಣದಾಗಿರಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಕೋಣೆ ಬೆಚ್ಚಗಿರಬೇಕು, ಇಲ್ಲದಿದ್ದರೆ ನೆಂದ ಮರಿ ಚಳಿ ಹಿಡಿದು ಮೂಲೆ ಸೇರುತ್ತದೆ.

ಆಂಟಿಬಯಾಟಿಕ್ ಜೊತೆ ಬೆರೆಸಿದರೆ

ನಮ್ಮ ಎಷ್ಟೋ ಫಾರ್ಮುಗಳಲ್ಲಿ ಮರಿ ಇಳಿದ ದಿನದಿಂದ ಮೂರರಿಂದ ಐದು ದಿನ ‘ಮುಂಜಾಗ್ರತೆ’ಗೆಂದು ಆಂಟಿಬಯಾಟಿಕ್ ಕೊಡುವ ರೂಢಿ ಇದೆ. ಅದೇ ದಿನಗಳಲ್ಲಿ ಪ್ರೊಬಯಾಟಿಕ್ ಕೂಡ ಕೊಡುತ್ತಾರೆ, ಕೆಲವೊಮ್ಮೆ ಒಂದೇ ಡ್ರಿಂಕರ್‌ನಲ್ಲಿ. ಒಂದು ಇನ್ನೊಂದನ್ನು ಕೊಲ್ಲುತ್ತದೆ, ದುಡ್ಡು ಎರಡಕ್ಕೂ. ಅದಕ್ಕಿಂತ ಕೆಟ್ಟದ್ದು, ಆಂಟಿಬಯಾಟಿಕ್ ಕರುಳನ್ನು ಬರಿದು ಮಾಡಿದ ಮೇಲೆ ಮೊದಲು ಬರುವ ಸಾಲ್ಮೊನೆಲ್ಲಾಗೆ ಜಾಗ ಸಲೀಸು. ರೋಗವಿದ್ದು ಪಶುವೈದ್ಯರು ಹೇಳಿದಾಗ ಆಂಟಿಬಯಾಟಿಕ್ ಕೊಡಲೇಬೇಕು. ಮುಗಿದು 24 ಗಂಟೆ ಬಿಟ್ಟು ಮೂರು ದಿನ ಪ್ರೊಬಯಾಟಿಕ್ ಕೊಡಿ. ಬೆಳವಣಿಗೆಗೆಂದು ಫೀಡಿಗೆ ಆಂಟಿಬಯಾಟಿಕ್ ಬೆರೆಸುವುದನ್ನು ಸ್ವೀಡನ್ 1986ರಲ್ಲೇ ನಿಲ್ಲಿಸಿತು, ಐರೋಪ್ಯ ಒಕ್ಕೂಟ 2006ರ ಜನವರಿಯಿಂದ ಪೂರ್ತಿ ನಿಷೇಧಿಸಿತು. ಭಾರತ 2019ರಲ್ಲಿ ಕೋಲಿಸ್ಟಿನ್ ಎಂಬ ಆಂಟಿಬಯಾಟಿಕ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಬಳಸದಂತೆ ತಡೆಯಿತು. ಮನುಷ್ಯರ ಐಸಿಯುಗಳಲ್ಲಿ ಅದು ಕೊನೆಯ ಅಸ್ತ್ರ.

ಕಾಕ್ಸಿಡಿಯಾ ತಡೆಗೆ ಫೀಡಿನಲ್ಲಿರುವ ಸಾಲಿನೊಮೈಸಿನ್, ಮೊನೆನ್ಸಿನ್‌ಗಳೂ ಲ್ಯಾಕ್ಟೊಬ್ಯಾಸಿಲಸ್‌ಗಳಿಗೆ ಅಷ್ಟಿಷ್ಟು ಪೆಟ್ಟು ಕೊಡುತ್ತವೆ. ಬ್ಯಾಸಿಲಸ್ ಉತ್ಪನ್ನ ಕೊಳ್ಳುವಾಗ ‘ನಮ್ಮ ಫೀಡಿನ ಈ ಔಷಧದೊಂದಿಗೆ ಹೊಂದುತ್ತದೆಯೇ’ ಎಂದು ಕಂಪನಿಯಿಂದ ಬರಹದಲ್ಲಿ ಕೇಳಿ.

ಪ್ರಿಬಯಾಟಿಕ್: ಮೇವು ಮತ್ತು ಮೋಸದ ಕೊಕ್ಕೆ

ಹೆಚ್ಚು ಬಳಕೆಯಲ್ಲಿರುವುದು ಎಂಓಎಸ್, ಅಂದರೆ ಯೀಸ್ಟಿನ ಕೋಶದ ಗೋಡೆಯಿಂದ ತೆಗೆದ ಮ್ಯಾನನ್ ಸಕ್ಕರೆ ಸರಪಳಿ. ಟನ್ನಿಗೆ ಅರ್ಧದಿಂದ 2 ಕಿಲೋ ಹಾಕುತ್ತಾರೆ. ಇದು ಮೇವಿಗಿಂತ ಮೋಸದ ಕೊಕ್ಕೆಯಾಗಿ ಕೆಲಸ ಮಾಡುತ್ತದೆ. ಸಾಲ್ಮೊನೆಲ್ಲಾ, ಇ. ಕೋಲಿಯ ಮೈಮೇಲಿನ ಕೂದಲಿನಂಥ ಎಳೆಗಳ ತುದಿ ಕರುಳಿನ ಗೋಡೆಯ ಮ್ಯಾನೋಸ್ ಸಕ್ಕರೆಯನ್ನು ಹಿಡಿಯುತ್ತದೆ. ಅದೇ ಸಕ್ಕರೆ ತೇಲಿ ಬಂದರೆ ಅದನ್ನೇ ಹಿಡಿದು ಹಿಕ್ಕೆಯೊಂದಿಗೆ ಹೊರಹೋಗುತ್ತದೆ. ಎಂಥ ಬ್ಯಾಕ್ಟೀರಿಯಾಗೆ ಈ ಎಳೆ ಇಲ್ಲವೋ ಅದರ ಮೇಲೆ ಈ ಉಪಾಯ ನಡೆಯದು. ಕ್ಯಾಂಪಿಲೊಬ್ಯಾಕ್ಟರ್‌ಗೆ ಅಂಥ ಎಳೆಗಳೇ ಇಲ್ಲ.

ಎಫ್‌ಓಎಸ್, ಇನ್ಯುಲಿನ್ ಎಂಬ ಫ್ರಕ್ಟೋಸ್ ಸಕ್ಕರೆಯ ಸರಪಳಿಗಳು ನಿಜವಾದ ಮೇವು. ಈರುಳ್ಳಿ, ಬೆಳ್ಳುಳ್ಳಿ, ಚಿಕೋರಿ ಬೇರಿನಲ್ಲಿ ಇವು ಇರುತ್ತವೆ. ಹೆಚ್ಚು ಹಾಕಿದರೆ ಸೀಕಮ್‌ನಲ್ಲಿ ಹುದುಗು ಅತಿಯಾಗಿ ಹಿಕ್ಕೆ ತೆಳ್ಳಗಾಗುತ್ತದೆ, ಹೊಟ್ಟು ಒದ್ದೆಯಾಗುತ್ತದೆ, ಅಮೋನಿಯಾ ಏರುತ್ತದೆ. ಹೊಟ್ಟಿನ ತೇವ ಶೇ 25ರ ಒಳಗಿರಬೇಕು. ಮುಷ್ಟಿಯಲ್ಲಿ ಹಿಂಡಿ ಬಿಟ್ಟಾಗ ಉಂಡೆಯಾಗಿಯೇ ನಿಂತರೆ ಹೆಚ್ಚಾಗಿದೆ ಎಂದರ್ಥ.

ಮಜ್ಜಿಗೆಯ ಪ್ರಶ್ನೆ ಪ್ರತಿ ತರಬೇತಿಯಲ್ಲೂ ಬರುತ್ತದೆ. ಕೋಳಿಗೆ ಹಾಲಿನ ಸಕ್ಕರೆ ಲ್ಯಾಕ್ಟೋಸ್ ಜೀರ್ಣಿಸುವ ಎಂಜೈಮ್ ಇಲ್ಲ. ಹಾಗಾಗಿ ಲ್ಯಾಕ್ಟೋಸ್ ನೇರವಾಗಿ ಸೀಕಮ್ ತಲುಪಿ ಅಲ್ಲಿನ ಬ್ಯಾಕ್ಟೀರಿಯಾಗೆ ಮೇವಾಗುತ್ತದೆ. ಪ್ರಯೋಗಗಳಲ್ಲಿ ಇದು ಸಾಲ್ಮೊನೆಲ್ಲಾ ತಗ್ಗಿಸಿದೆ. ಮಜ್ಜಿಗೆಯಲ್ಲಿ ಆಮ್ಲವೂ ಇದೆ, ಸ್ವಲ್ಪ ಲ್ಯಾಕ್ಟೋಸೂ ಇದೆ. ಮೊಸರಿನ ಬ್ಯಾಕ್ಟೀರಿಯಾ ಹಾಲಿಗೆ ಒಗ್ಗಿದವು, ಕೋಳಿಯ ಕರುಳಿನಲ್ಲಿ ನೆಲೆಸುವುದು ಕಷ್ಟ. ಹಿತ್ತಿಲಲ್ಲಿ ಗಿರಿರಾಜವೋ ನಾಟಿಯೋ ಐವತ್ತು-ನೂರು ಮರಿ ಸಾಕುವವರು ಸೋಸಿದ ತೆಳು ಮಜ್ಜಿಗೆಯನ್ನು ಬೆಳಗಿನ ಹೊತ್ತು ಪ್ಲಾಸ್ಟಿಕ್ ಡ್ರಿಂಕರ್‌ನಲ್ಲಿ ಕೊಟ್ಟು ಮೂರು ಗಂಟೆಯಲ್ಲಿ ತೆಗೆದರೆ ನಷ್ಟವಿಲ್ಲ. ಸತುವಿನ ಲೇಪದ ತಗಡಿನ ಪಾತ್ರೆ ಬೇಡ, ಹುಳಿಗೆ ಸತು ಕರಗುತ್ತದೆ. ಉಪ್ಪು ಹಾಕಿದ ಮಜ್ಜಿಗೆಯಂತೂ ಬೇಡವೇ ಬೇಡ. ಐದು ಸಾವಿರದ ಶೆಡ್ಡಿನ ನಿಪ್ಪಲ್ ಸಾಲಿಗೆ ಮಜ್ಜಿಗೆ ಸುರಿಯುವ ಯೋಚನೆ ಬಂದರೆ, ಮರುದಿನ ಕಟ್ಟಿದ ನಿಪ್ಪಲ್‌ಗಳನ್ನು ಬಿಚ್ಚಿ ತೊಳೆಯಲು ಎಷ್ಟು ಜನ ಸಿಗುತ್ತಾರೆ ಎಂದೂ ಯೋಚಿಸಿ.

ಕೆಲಸ ಆಯಿತೇ ಎಂದು ತಿಳಿಯುವುದು

ತೂಕ ಬಂತು, ಹಿಕ್ಕೆ ಗಟ್ಟಿಯಾಯಿತು ಎಂಬುದು ಕರುಳು ಸುಧಾರಿಸಿದ ಲಕ್ಷಣ, ಸಾಲ್ಮೊನೆಲ್ಲಾ ತಗ್ಗಿದ ಸಾಕ್ಷಿಯಲ್ಲ. ಅದಕ್ಕೆ ಪರೀಕ್ಷೆಯೇ ಬೇಕು. ಬೂಟಿಗೆ ಹತ್ತಿಬಟ್ಟೆಯ ಚೀಲ ತೊಟ್ಟು ಶೆಡ್ಡಿನ ಉದ್ದಕ್ಕೆ ನಡೆದು, ಆ ಬಟ್ಟೆಯನ್ನು ತಂಪಾಗಿ ಪ್ರಯೋಗಾಲಯಕ್ಕೆ ಕಳಿಸುವುದು ಸುಲಭ ವಿಧಾನ. ಇದು ‘ಇದೆ–ಇಲ್ಲ’ ಎಂದಷ್ಟೇ ಹೇಳುತ್ತದೆ. ಎಷ್ಟಿದೆ ಎಂದು ತಿಳಿಯಲು ಕೊಯ್ದ ಕೋಳಿಗಳ ಸೀಕಮ್ ಕಳಿಸಬೇಕು. ವರದಿಯಲ್ಲಿ ‘2 ಲಾಗ್ ಇಳಿಕೆ’ ಎಂದರೆ ನೂರರಲ್ಲಿ 99 ಹೋಗಿವೆ ಎಂದು; ಗ್ರಾಂಗೆ 10 ಲಕ್ಷವಿದ್ದದ್ದು 10 ಸಾವಿರಕ್ಕೆ ಇಳಿಯಿತು. ಮಾಂಸದಂಗಡಿಯಲ್ಲಿ ಕರುಳು ಹರಿದರೆ ಆ 10 ಸಾವಿರವೂ ಕಡಿಮೆಯೇನಲ್ಲ. ಹೋಲಿಸಿ ನೋಡಬೇಕೆಂದರೆ ಒಂದೇ ಹ್ಯಾಚರಿಯ ಮರಿ, ಒಂದೇ ಫೀಡು, ಎರಡು ಶೆಡ್ಡು, ಒಂದಕ್ಕೆ ಮಾತ್ರ ಪ್ರೊಬಯಾಟಿಕ್, ಹೀಗೆ ಎರಡು-ಮೂರು ಬ್ಯಾಚು. ಬೇಸಿಗೆಯ ಬ್ಯಾಚನ್ನು ಮಳೆಗಾಲದ ಬ್ಯಾಚಿನೊಂದಿಗೆ ಹೋಲಿಸಿದರೆ ಹವಾಮಾನದ ಫಲವನ್ನು ಪುಡಿಯ ಖಾತೆಗೆ ಬರೆದಂತೆ.

ಕೊಡುವ ಸಮಯ ಆಯ್ದುಕೊಳ್ಳುವಾಗ ಮೊದಲ ಮೂರು ದಿನ, ಫೀಡು ಬದಲಿಸುವ ದಿನಗಳು, ಲಸಿಕೆಯ ಮರುದಿನ, ರಕ್ತಭೇದಿ ಬರುವ ಮೂರನೆಯ ವಾರ ಇವನ್ನು ಗುರುತಿಟ್ಟುಕೊಳ್ಳಿ. ಕೋಳಿಗಳನ್ನು ಮಾರಾಟಕ್ಕೆ ಎತ್ತುವ ಲಿಫ್ಟಿಂಗ್ ಇರುವ ಕೊನೆಯ ದಿನವನ್ನು ಹೆಚ್ಚಿನವರು ಮರೆಯುತ್ತಾರೆ. ಲಿಫ್ಟಿಂಗ್‌ಗೆ ಮೊದಲು 8ರಿಂದ 12 ಗಂಟೆ ಫೀಡು ನಿಲ್ಲಿಸುತ್ತಾರೆ. ಮೇವಿನ ಚೀಲ ಖಾಲಿಯಾಗಿ ಲ್ಯಾಕ್ಟೊಬ್ಯಾಸಿಲಸ್‌ಗಳಿಗೆ ಕಾಳಿಲ್ಲ, ಆಮ್ಲವಿಲ್ಲ, ಪಿಹೆಚ್ ಏರುತ್ತದೆ. ಹಸಿದ ಕೋಳಿ ಹೊಟ್ಟನ್ನೂ ಹಿಕ್ಕೆಯನ್ನೂ ಕುಕ್ಕಿ ಸಾಲ್ಮೊನೆಲ್ಲಾವನ್ನು ಚೀಲಕ್ಕೆ ತುಂಬಿಕೊಳ್ಳುತ್ತದೆ. ಕೊಯ್ಯುವಾಗ ಕರುಳಿಗಿಂತ ಮೇವಿನ ಚೀಲ ಹರಿಯುವುದು ಹೆಚ್ಚು. ಆ ಗಂಟೆಗಳಲ್ಲಿ ನೀರಿಗೆ ಶೇ 0.4ರಷ್ಟು ಲ್ಯಾಕ್ಟಿಕ್ ಆಮ್ಲ ಬೆರೆಸಿ ಕೊಟ್ಟರೆ ಚೀಲದ ಸಾಲ್ಮೊನೆಲ್ಲಾ ತಗ್ಗುತ್ತದೆ. ಸಾವಿರ ಲೀಟರಿಗೆ 4 ಲೀಟರ್ ಶುದ್ಧ ಆಮ್ಲದ ಲೆಕ್ಕ. ಅಂಗಡಿಯ ಡಬ್ಬಿ ಶೇ 80ರದ್ದಾದರೆ 5 ಲೀಟರ್. ಕೈಗವಸು ತೊಟ್ಟು, ಆಮ್ಲವನ್ನು ನೀರಿಗೆ ಸುರಿಯಿರಿ, ನೀರನ್ನು ಆಮ್ಲಕ್ಕಲ್ಲ. ಕೋಳಿಗಳು ಕುಡಿಯುತ್ತಿವೆಯೇ ಎಂದು ಮೊದಲ ಒಂದು ಗಂಟೆ ನಿಂತು ನೋಡಿ. ಹುಳಿಗೆ ಬೆದರಿ ನೀರು ಬಿಟ್ಟರೆ ತೂಕ ಕರಗುತ್ತದೆ, ಆಗ ಅರ್ಧಕ್ಕೆ ಇಳಿಸಿ.